ಶಟಲ್ ಪಟು ಪ್ರಕಾಶ್ ಪಡುಕೋಣೆ

ಬೆಂಗಳೂರಿನ ಮಲ್ಲೇಶ್ವರದಲ್ಲಿ ಕೆನರಾ ಯೂನಿಯನ್ ಎಂಬ ಸಂಸ್ಥೆಯೊಂದಿದೆ. 1960ರ ದಶಕದಲ್ಲಿ ಅದರ ಸಭಾಂಗಣದಲ್ಲಿ ಮದುವೆ ಮುಂಜಿಗಳು ನಡೆಯುತ್ತಿದ್ದವು. ಸಮಾರಂಭಗಳಿಲ್ಲದ ದಿನ ಅದೇ ಶಟಲ್ ಬ್ಯಾಡ್‌ಮಿಂಟನ್ ಅಂಕಣವಾಗುತ್ತಿತ್ತು. ಶಾಲೆ ಬಿಟ್ಟೊಡನೆ ಅಲ್ಲಿಗೆ ಧಾವಿಸುತ್ತಿದ್ದ ಬಾಲಕನೊಬ್ಬನಿಗೆ ಅಂದು ಮದುವೆ ಇದೆಯೋ ಇಲ್ಲವೋ ಎಂಬುದೇ ದೊಡ್ಡ ಚಿಂತೆ. ಓಲಗದ ಸದ್ದು ಕೇಳಿಸಿದರೆ ಆ ದಿನ ಆಟವಿಲ್ಲ! ಇಂದು ದೊಡ್ಡನೆಕ್ಕುಂದಿಯಂತಹ ಬಡಾವಣೆಗಳಲ್ಲಿ ಗಂಟೆಗಿಷ್ಟು ಎಂದು ಬಾಡಿಗೆ ತೆತ್ತು ಒಳಾಂಗಣದಲ್ಲಿ ಆಡುವ ಮಕ್ಕಳಿಗೆ ಇದು ಕಟ್ಟುಕಥೆಯೆನಿಸೀತು.

ಆ ಬಾಲಕನೇ ಪ್ರಕಾಶ್ ಪಡುಕೋಣೆ. ಜನನ 1955ರ ಜೂನ್ 10ರಂದು. ಮನೆತನಕ್ಕೆ ಹೆಸರು ಕೊಟ್ಟ ಪಡುಕೋಣೆ ಕುಂದಾಪುರದ ಬಳಿಯ ಊರು. ತಂದೆ ರಮೇಶ್ ಪಡುಕೋಣೆಯವರು ಮೈಸೂರು ಬ್ಯಾಡ್‌ಮಿಂಟನ್ ಸಂಸ್ಥೆಯ ಕಾರ್ಯದರ್ಶಿಗಳಾಗಿದ್ದರು. ಮಗನ ಕೈಗೆ ರ್‍ಯಾಕೆಟ್ ಕೊಟ್ಟವರು ಅವರೇ. 1962ರಲ್ಲಿ ರಾಜ್ಯ ಕಿರಿಯರ ಪಂದ್ಯಾವಳಿಗೆ ಇಳಿದ ಪ್ರಕಾಶ್ ಮೊದಲ ಸುತ್ತಿನಲ್ಲಿಯೇ ಸೋತರು. ಎರಡು ವರ್ಷಗಳ ಅನಂತರ ಅದೇ ಪ್ರಶಸ್ತಿ ಅವರದಾಯಿತು.

1971ರಲ್ಲಿ ಇಂಡೋನೇಷ್ಯದ ರೂಡಿ ಹಾರ್ಟೊನೊ ಅವರ ಆಟವನ್ನು ಕಂಡ ಮೇಲೆ ಪ್ರಕಾಶರು ತಮ್ಮ ಆಟಕ್ಕೆ ಆಕ್ರಮಣದ ಮೊನಚನ್ನು ಕೂಡಿಸಿಕೊಂಡರು. ಬೇಗನೆ ರಾಷ್ಟ್ರೀಯ ಪ್ರಶಸ್ತಿ ದೊರೆಯಿತು. ದಶಕದ ಕೊನೆಯವರೆಗೂ ಅದು ಅವರ ಕೈಬಿಡಲಿಲ್ಲ. 1978ರಲ್ಲಿ ಕೆನಡಾದ ಎಡ್ಮಂಟನ್‌ನಲ್ಲಿ ಕಾಮನ್‌ವೆಲ್ತ್ ಕ್ರೀಡಾಕೂಟದ ಚಿನ್ನದ ಪದಕ ಲಭಿಸಿತು.

1980ರಲ್ಲಿ ಡೆನ್ಮಾರ್ಕ್, ಸ್ವೀಡನ್‌ಗಳ ಪಂದ್ಯಾವಳಿಗಳನ್ನು ಗೆದ್ದು ಅವರು ಲಂಡನ್ನಿನ ವೆಂಬ್ಲಿಗೆ ಬಂದರು. ಮಾರ್ಚ್ 23ರಂದು ಆಲ್ ಇಂಗ್ಲೆಂಡ್ ಅಂತಿಮ ಪಂದ್ಯ. ಎದುರಾಳಿ ಇಂಡೋನೇಷ್ಯದ ಲಿಯೆಮ್ ಸ್ವೀ ಕಿಂಗ್. ಹಿಂದಿನ ಎರಡು ವರ್ಷವೂ ಗೆದ್ದವರು, ನೆಗೆದು ಮೇಲಿನಿಂದ ಬಡಿಯುವ ಹೊಡೆತಕ್ಕೆ ಹೆಸರಾದವರು. ಅಂತಹ ಬಲಕ್ಕೆ ಬಲದಿಂದಲೇ ಉತ್ತರ ಕೊಡಹೊರಟವರು ಸೋಲುವುದು ಸಹಜ. ಪ್ರಕಾಶರು ಆ ಗೋಜಿಗೆ ಹೋಗಲಿಲ್ಲ. ಒಮ್ಮೆ ಅಂಕಣದ ಹಿಂಗೆರೆಯತ್ತ ಗರಿಚೆಂಡನ್ನು ತಳ್ಳುವುದು, ಮರುಕ್ಷಣ ಬಲೆಯ ಅಂಚಿನಲ್ಲಿಯೇ ಮೆಲ್ಲನೆ ಇಳಿಸುವುದು. ಬಿರುಸಾಗಿ ಬರಬಹುದೆಂದು ಕಾದವನೆದುರು ಅರ್ಧ ವೇಗದ ಹೊಡೆತ. ಎತ್ತಿದ ಕೊಡಲಿಗೆ ಕಟ್ಟಿಗೆಯೇ ಸಿಗದಂತಹ ಸ್ಥಿತಿ ಕಿಂಗ್ ಅವರದು! ಸರ್ವ್ ಮಾಡಿದವನಿಗೆ ಮಾತ್ರ ಅಂಕ ದೊರೆಯುತ್ತಿದ್ದ ಕಾಲವದು. 15-3, 15-10ರಿಂದ ಪಂದ್ಯ ಮುಗಿಯಿತು. ಆ ಪ್ರಶಸ್ತಿಯನ್ನು ಗೆದ್ದ ಮೊದಲ ಭಾರತೀಯರು ಪ್ರಕಾಶ್.

ಮರುವರ್ಷ ಅದೇ ಅಂತಿಮ ಪಂದ್ಯದಲ್ಲಿ ಕಿಂಗ್ ಸೇಡು ತೀರಿಸಿಕೊಂಡರು. ಆದರೆ 1981ರಲ್ಲಿಯೇ ಮತ್ತೊಂದು ಪರೀಕ್ಷೆ ಕಾದಿತ್ತು. ಅದುವರೆಗೆ ಅಂತರರಾಷ್ಟ್ರೀಯ ಒಕ್ಕೂಟದ ಹೊರಗಿದ್ದ ಚೀನಾ ಆ ವರ್ಷ ಒಳಗೆ ಬಂದಿತು. ಅದರ ಆಟಗಾರರ ಸಾಮರ್ಥ್ಯವನ್ನು ಕುರಿತು ಎಲ್ಲರಿಗೂ ಕುತೂಹಲ, ತುಸು ಅಳುಕೂ ಇದ್ದವು. ಕೌಲಾಲಂಪುರದ ವಿಶ್ವಕಪ್ ಅಂತಿಮ ಪಂದ್ಯದಲ್ಲಿ ಪ್ರಕಾಶರ ಎದುರು ನಿಂತವರು ಚೀನಾದ ಹಾನ್ ಜಿಯಾನ್, ಮುಂದೆ 1985ರಲ್ಲಿ ವಿಶ್ವ ಚಾಂಪಿಯನ್ ಆದವರು. ಮೊದಲ ಆಟದಲ್ಲಿ ಅವರಿಗೆ ಒಂದು ಅಂಕವೂ ದಕ್ಕಲಿಲ್ಲ. ಎರಡನೆಯದರಲ್ಲಿ ಮಾತ್ರ ಪಟ್ಟುಬಿಡದೆ ಹೋರಾಡಿದರು. 18-16ರಲ್ಲಿ ಪ್ರಕಾಶರಿಗೆ ಜಯ ಒಲಿಯಿತು.

ಇಂತಹ ಆಟಗಾರರೂ ಉತ್ತಮ ಸ್ಪರ್ಧೆಯನ್ನರಸಿ ಕೆಲವು ವರ್ಷ ಡೆನ್ಮಾರ್ಕಿನಲ್ಲಿ ನೆಲೆಸಬೇಕಾಯಿತು. ಆ ಕೊರತೆ ಮುಂದಿನವರನ್ನು ಬಾಧಿಸಬಾರದೆಂದೋ ಏನೋ, 1994ರಲ್ಲಿ ಅವರು ವಿಮಲ್ ಕುಮಾರ್ ಮೊದಲಾದವರೊಡನೆ ಬೆಂಗಳೂರಿನಲ್ಲಿಯೇ ತರಬೇತಿ ಶಾಲೆಯೊಂದನ್ನು ತೆರೆದರು. ಅಲ್ಲಿ ಪಳಗಿದವರಲ್ಲಿ ಪುಲ್ಲೇಲ ಗೋಪಿಚಂದ್ ಒಬ್ಬರು. 2001ರಲ್ಲಿ ಅವರು ಚೀನಾದ ಚೆನ್ ಹಾಂಗ್ ಅವರನ್ನು ಮಣಿಸಿ ಆಲ್ ಇಂಗ್ಲೆಂಡ್ ಪ್ರಶಸ್ತಿಯನ್ನು ಎರಡನೆಯ ಬಾರಿ ಭಾರತಕ್ಕೆ ತಂದರು.