‘ಪುಟ್’ ಬಳಸುವವರ ಗಮನಕ್ಕೆ

ಇಂಗ್ಲಿಷಿನಲ್ಲಿ ಅರ್ಜಿ ಬರೆಯುವವರು, ಸಂದರ್ಶನಕ್ಕೆ ಹೋಗುವವರು, ಮಕ್ಕಳಿಗೆ ಪಾಠ ಹೇಳುವವರು ಇದನ್ನು ಓದಿಯೇ ಮುಂದೆ ಹೋಗಬೇಕು.

‘ಪುಟ್ ಎಂದರೆ ಇಡು, ಹಾಕು’ ಎಂದು ಶಾಲೆಯಲ್ಲಿ ಉರು ಹೊಡೆದಿದ್ದೇವೆ. ಅದು ಸರಿಯೇ. ಎಡವುವುದು ಅದನ್ನು ತಿರುಗಿಸಿ ಹಿಡಿದಾಗ. ನಾವು ಬೀಗ ಹಾಕುತ್ತೇವೆ, ಓಟು ಹಾಕುತ್ತೇವೆ, ರಜೆ ಹಾಕುತ್ತೇವೆ, ಪಂಕ್ಚರ್ ಹಾಕಿಸುತ್ತೇವೆ. ನಮ್ಮ ಕೋಳಿ ಮೊಟ್ಟೆಯನ್ನೂ ಹಾಕುತ್ತದೆ. ಇವೆಲ್ಲಕ್ಕೂ ಪುಟ್ ಹಚ್ಚಿದರೆ ಕೇಳುವವರಿಗೆ ತಲೆಬುಡ ತಿಳಿಯುವುದಿಲ್ಲ. ಪುಟ್‌ಗೆ ಅರ್ಥಗಳ ಬಡತನವಿಲ್ಲ. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಪರಿಷ್ಕರಣೆಯಲ್ಲಿ 2007ರಲ್ಲಿ ಅತಿ ಉದ್ದದ ನಮೂದು ಇದರದೇ ಆಗಿತ್ತು. 2011ರಲ್ಲಿ 645 ಅರ್ಥಗಳೊಂದಿಗೆ ‘ರನ್’ ಅದನ್ನು ಹಿಂದೆ ಹಾಕಿತು. ಅಷ್ಟು ದೊಡ್ಡ ಮನೆಯಲ್ಲೂ ನಮ್ಮ ಕೋಳಿಯ ಮೊಟ್ಟೆಗೆ ಜಾಗವಿಲ್ಲ.

ಮಾಡಬೇಕಾದ್ದು

1. ‘ಏನನ್ನು?’, ‘ಎಲ್ಲಿ?’ ಎಂಬ ಎರಡೂ ಪ್ರಶ್ನೆ ಕೇಳಿ. ಪುಟ್ ಒಂಟಿ ಕಾಲಲ್ಲಿ ನಿಲ್ಲುವ ಪದವಲ್ಲ. ‘ಸಕ್ಕರೆ ಹಾಕಿದೆ’ ಎಂದರೆ ಕನ್ನಡಕ್ಕೆ ಸಾಕು. ಲೋಟ ಎದುರಿಗೇ ಇದೆ. ‘ಐ ಪುಟ್ ಶುಗರ್’ ಎಂದು ನಿಲ್ಲಿಸಿದರೆ ಇಂಗ್ಲಿಷಿಗೆ ಅದು ಅರ್ಧ ವಾಕ್ಯ. ‘ಇನ್ ದಿ ಕಾಫಿ’ ಎಂದು ಮುಗಿಸಿ.

2. ಲೈಟಿಗೂ ಫ್ಯಾನಿಗೂ ‘ಆನ್’ ಸೇರಿಸಿ. ‘ಪುಟ್ ದಿ ಲೈಟ್’ ತಪ್ಪು, ‘ಪುಟ್ ದಿ ಲೈಟ್ ಆನ್’ ಸರಿ. ಇಲ್ಲಿ ‘ಎಲ್ಲಿ?’ ಎಂಬ ಪ್ರಶ್ನೆಯ ಜಾಗವನ್ನು ಆ ‘ಆನ್’ ತುಂಬುತ್ತದೆ. ಅಂಗಿ, ಚಪ್ಪಲಿ, ಕನ್ನಡಕಕ್ಕೂ ಇದೇ ನಿಯಮ.

3. ಹಾಕಿಕೊಳ್ಳುವುದು ಬೇರೆ, ಹಾಕಿಕೊಂಡಿರುವುದು ಬೇರೆ ಎಂಬುದನ್ನು ನೆನಪಿಡಿ. ತೋಳು ತೂರಿಸುವ ಆ ಅರೆಗಳಿಗೆಗೆ ‘ಪುಟ್ ಆನ್’. ಆಮೇಲೆ ದಿನವಿಡೀ ‘ವೇರ್’. ‘ಐ ಆ್ಯಮ್ ಪುಟ್ಟಿಂಗ್ ಆನ್ ಎ ಬ್ಲೂ ಶರ್ಟ್, ಕಮ್ ಟು ದಿ ಗೇಟ್’ ಎಂದು ಫೋನಿನಲ್ಲಿ ಹೇಳಿದರೆ, ನೀವು ಇನ್ನೂ ಗುಂಡಿ ಹಾಕುತ್ತಿದ್ದೀರಿ ಎಂದೇ ಅರ್ಥ.

4. ‘ಇಡು’ವಿಗೆ ಪುಟ್, ‘ಇಟ್ಟುಕೊ’ಗೆ ಕೀಪ್ ಬಳಸಿ. ನಮ್ಮಲ್ಲಿ ಹೆಚ್ಚಿನವರು ಎಡವುವ ಕಲ್ಲು ಇದೇ. ಚೀಲವನ್ನು ಮೇಜಿನ ಮೇಲೆ ಇಡು ಎನ್ನಲು ‘ಕೀಪ್ ದಿ ಬ್ಯಾಗ್ ಆನ್ ದಿ ಟೇಬಲ್’ ಎನ್ನುತ್ತೇವೆ. ನಮ್ಮ ನಡುವೆ ನಡೆದುಹೋಗುತ್ತದೆ. ಲಂಡನ್ನಿನವರಿಗೆ ಅದು ‘ಅಲ್ಲೇ ಇರಲಿ, ತೆಗೆಯಬೇಡ’ ಎಂದು ಕೇಳಿಸುತ್ತದೆ. ಹೋಟೆಲಿನಲ್ಲಿ ‘ಕೀಪ್ ದಿ ಚೇಂಜ್’ ಎಂದರೆ ಚಿಲ್ಲರೆ ನೀನೇ ಇಟ್ಟುಕೊ ಎಂದಲ್ಲವೇ? ಆ ಒಂದು ಮಾತು ಜ್ಞಾಪಕವಿದ್ದರೆ ಕೀಪ್ ಮತ್ತೆ ದಾರಿ ತಪ್ಪುವುದಿಲ್ಲ.

5. ಪ್ರತಿ ‘ಹಾಕು’ವಿಗೂ ಅದರದೇ ಜೋಡಿಯನ್ನು ಕಲಿಯಿರಿ. ಓಟಿಗೆ ಕಾಸ್ಟ್, ರಜೆಗೆ ಅಪ್ಲೈ ಫಾರ್, ಕೇಸಿಗೆ ಫೈಲ್, ಮೊಟ್ಟೆಗೆ ಲೇ, ರಂಗೋಲಿಗೆ ಡ್ರಾ, ಪಂಕ್ಚರಿಗೆ ಮೆಂಡ್. ಊಟ ಹಾಕುವುದು ಸರ್ವ್, ಲೆಕ್ಕ ಹಾಕುವುದು ಕ್ಯಾಲ್ಕುಲೇಟ್. ಬಾಗಿಲಿಗೆ ಬೀಗ ಹಾಕುವುದು ಬರೀ ‘ಲಾಕ್ ದಿ ಡೋರ್’. ‘ಪುಟ್ ಎ ಲಾಕ್ ಆನ್ ದಿ ಡೋರ್’ ಎಂದರೆ ಬಡಗಿ ಉಳಿ ಹಿಡಿದು ಹೊಸ ಬೀಗ ಕೂರಿಸಲು ಬಂದಾನು.

ಮಾಡಬಾರದ್ದು

1. ‘ಪುಟೆಡ್’ ಎನ್ನಬೇಡಿ. ನಿನ್ನೆಯೂ ಪುಟ್, ಇವತ್ತೂ ಪುಟ್, ‘ಹ್ಯಾವ್’ ಮುಂದೆಯೂ ಪುಟ್. ‘ಹೀ ಪುಟ್ಸ್’ ಎಂದರೆ ದಿನವೂ ಇಡುತ್ತಾನೆ. ‘ಹೀ ಪುಟ್’ ಎಂದರೆ ಇಟ್ಟ. ಕೊನೆಯ ಎಸ್ ನುಂಗಿದರೆ ಕಾಲವೇ ಬದಲಾಗುತ್ತದೆ. ‘ಪುಟ್ಟಿಂಗ್’ ಬರೆಯುವಾಗ ಒಂದೇ ಟಿ ಹಾಕಿ ಮುಗಿಸಬೇಡಿ, ಎರಡು ಬೇಕು.

2. ಬಟ್, ಕಟ್, ನಟ್ ಸಾಲಿಗೆ ಸೇರಿಸಿ ‘ಪಟ್’ ಎನ್ನಬೇಡಿ. ಪಟ್ ಎಂಬುದು ಗಾಲ್ಫ್ ಆಟಗಾರ ಚೆಂಡನ್ನು ಕುಳಿಗೆ ಮೆಲ್ಲಗೆ ತಳ್ಳುವ ಹೊಡೆತ.

3. ಬಾಲಗಳನ್ನು ಅದಲು ಬದಲು ಮಾಡಬೇಡಿ. ಸಭೆ ಮುಂದಕ್ಕೆ ಹಾಕಲು ಪುಟ್ ಆಫ್, ಬೆಂಕಿ ಆರಿಸಲು ಪುಟ್ ಔಟ್, ಫೋನಿನಲ್ಲಿ ಇನ್ನೊಬ್ಬರಿಗೆ ಕೊಡಿಸಲು ಪುಟ್ ಥ್ರೂ. ‘ಪುಟ್ ಅಪ್ ವಿತ್’ ಹತ್ತಿರ ಸುಳಿಯುವಾಗ ಮೈಯೆಲ್ಲ ಕಣ್ಣಾಗಿರಲಿ. ಊರಿಗೆ ಹೋಗಿ ಮಾವನ ಮನೆಯಲ್ಲಿ ಉಳಿದದ್ದನ್ನು ‘ವಿ ಪುಟ್ ಅಪ್ ವಿತ್ ಅವರ್ ಅಂಕಲ್’ ಎಂದು ಬರೆದರೆ, ಆ ಮಾವನನ್ನು ಹೇಗೋ ಸಹಿಸಿಕೊಂಡೆವು ಎಂದು ಓದಿಕೊಳ್ಳುತ್ತಾರೆ. ‘ಸ್ಟೇಡ್ ವಿತ್’ ಎನ್ನಿ, ನೆಂಟಸ್ತಿಕೆ ಉಳಿಯುತ್ತದೆ.

4. ‘ಪುಟ್ ಆನ್ ಇಟ್’ ಎನ್ನಬೇಡಿ. ‘ಪುಟ್ ಆನ್ ದಿ ಶರ್ಟ್’, ‘ಪುಟ್ ದಿ ಶರ್ಟ್ ಆನ್’ ಎರಡೂ ನಡೆಯುತ್ತವೆ. ಆದರೆ ಶರ್ಟ್ ಹೋಗಿ ‘ಇಟ್’ ಬಂತೋ, ಅದು ನಡುವೆಯೇ ಕೂರಬೇಕು: ‘ಪುಟ್ ಇಟ್ ಆನ್’.

5. ಕಚೇರಿಯ ‘ಪುಟ್ ಅಪ್’ ಅನ್ನು ಗಡಿ ದಾಟಿಸಬೇಡಿ. ‘ಪುಟ್ ಅಪ್ ದಿ ಫೈಲ್’ ಎಂದರೆ ಕಡತ ಮಂಡಿಸಿ ಎಂದು ನಮ್ಮ ಗುಮಾಸ್ತರಿಗೆಲ್ಲ ಗೊತ್ತು. ಹೊರದೇಶದವರಿಗೆ ‘ಪುಟ್ ಅಪ್’ ಎಂದರೆ ಗೋಡೆಗೆ ಪೋಸ್ಟರ್ ಅಂಟಿಸುವುದು, ಡೇರೆ ನಿಲ್ಲಿಸುವುದು. ಅವರಿಗೆ ಬರೆಯುವಾಗ ‘ಸಬ್ಮಿಟ್’ ಸಾಕು.

6. ನಾಯಿಯನ್ನು ‘ಪುಟ್ ಟು ಸ್ಲೀಪ್’ ಮಾಡಿದೆ ಎಂದು ಯಾವ ಕಾರಣಕ್ಕೂ ಹೇಳಬೇಡಿ. ಮಗುವಿನ ವಿಷಯದಲ್ಲಿ ಅದು ಜೋಗುಳ. ಸಾಕುಪ್ರಾಣಿಯ ವಿಷಯದಲ್ಲಿ, ವೈದ್ಯರಿಂದ ಸೂಜಿ ಕೊಡಿಸಿ ಕೊನೆಯ ನಿದ್ರೆಗೆ ಕಳಿಸಿದೆ ಎಂದರ್ಥ. ನೀವು ಹೇಳಹೊರಟದ್ದು ನಾಯಿ ಮಲಗಿದೆ ಎಂದು. ಬರುವ ಉತ್ತರ ಸಂತಾಪದ್ದು.

ಕಡೆಯ ತಪಾಸಣೆ

ಬರೆದು ಮುಗಿಸಿದ ಮೇಲೆ ಪ್ರತಿ ಪುಟ್‌ನ ಕೆಳಗೆ ಗೆರೆ ಎಳೆಯಿರಿ. ಅದರ ಮುಂದೆ ಒಂದು ವಸ್ತು, ಒಂದು ಜಾಗ, ಜಾಗವಿಲ್ಲದಿದ್ದರೆ ಅದರ ಬದಲಿಗೆ ಒಂದು ಬಾಲ ಇದೆಯೇ ನೋಡಿ. ಇಲ್ಲವೆಂದರೆ ಅಲ್ಲಿರುವುದು ಇಂಗ್ಲಿಷಿನ ಪುಟ್ ಅಲ್ಲ, ವೇಷ ಹಾಕಿದ ನಮ್ಮ ‘ಹಾಕು’. ಅದನ್ನು ಹೊಡೆದು ಹಾಕಿ, ಸರಿಯಾದ ಪದ ಬರೆದು, ಆಮೇಲೆ ಸಹಿ ಹಾಕಿ.