ಗುರುವಿನ ಮೈಮೇಲೆ ಕರಿ ಚುಕ್ಕೆ



ಮನೆಯಲ್ಲಿ ಮದುವೆ ಮಾತು ಬರುತ್ತದೆ. ಹಿರಿಯರು ಕೇಳುತ್ತಾರೆ, "ಹುಡುಗಿಗೆ ಗುರುಬಲ ಬಂದೈತೇನು?" ಗುರುವಿನ ಹೆಸರು ನಮಗೆಲ್ಲ ಗೊತ್ತು. ಆ ಗುರುವನ್ನು ಕಣ್ಣಾರೆ ನೋಡಿದವರು ಎಷ್ಟು ಮಂದಿ?

ಗುರು ಒಂದು ಗ್ರಹ. ನಮ್ಮ ಭೂಮಿಯ ಹಾಗೆ ಅದೂ ಸೂರ್ಯನ ಸುತ್ತ ತಿರುಗುತ್ತದೆ. ಒಂದು ಸುತ್ತಿಗೆ ಸುಮಾರು 12 ವರ್ಷ ಬೇಕು. ಗುರು ವರ್ಷಕ್ಕೊಂದು ರಾಶಿ ದಾಟುತ್ತಾನೆ ಎಂದು ಪಂಚಾಂಗ ನೋಡುವವರು ಹೇಳುತ್ತಾರಲ್ಲ, ಅದು ಇದೇ ಲೆಕ್ಕ.

ರಾತ್ರಿ ಆಕಾಶದಲ್ಲಿ ಗುರು ಬೆಳ್ಳಗೆ ಹೊಳೆಯುತ್ತದೆ. ನಕ್ಷತ್ರದ ಹಾಗೆ ಮಿಣಮಿಣ ಎನ್ನುವುದಿಲ್ಲ. ಗಾಳಿ ಇಲ್ಲದ ಕಡೆ ಹಚ್ಚಿಟ್ಟ ದೀಪದ ಹಾಗೆ ನಿಂತು ಬೆಳಗುತ್ತದೆ. ಶುಕ್ರ ಇದಕ್ಕಿಂತ ಹೆಚ್ಚು ಹೊಳೆಯುತ್ತದೆ. ಆದರೆ ಶುಕ್ರ ಕಾಣುವುದು ಸಂಜೆಗೆ, ಇಲ್ಲವೇ ನಸುಕಿನಲ್ಲಿ. ನಡುರಾತ್ರಿ ಶುಕ್ರ ಕಾಣುವುದಿಲ್ಲ. ಗುರು ಕಾಣಬಹುದು.

ನಮ್ಮ ಚಂದ್ರಬಂಡದ ಹೆಸರಿನಲ್ಲೇ ಚಂದ್ರ ಇದ್ದಾನೆ. ಭೂಮಿಗೆ ಅವನೊಬ್ಬನೇ ಚಂದ್ರ. ಗುರುವಿಗೆ ತೊಂಬತ್ತಕ್ಕೂ ಹೆಚ್ಚು ಚಂದ್ರರು! ಇದನ್ನು ಹೇಳಿದಾಗ ಕಲಿಕಾ ಕೇಂದ್ರದಲ್ಲಿ ಒಬ್ಬ ಅಕ್ಕ ನಕ್ಕುಬಿಟ್ಟರು.

"ಹಂಗಾದ್ರ ಅಲ್ಲಿ ಅಮಾಸಿ, ಹುಣ್ಣಿವಿ ಯಾವಾಗ್ರೀ ಅಕ್ಕೋರೆ?"

ಒಳ್ಳೆಯ ಪ್ರಶ್ನೆ. ಅಲ್ಲಿ ಒಬ್ಬೊಬ್ಬ ಚಂದ್ರನಿಗೂ ಒಂದೊಂದು ಅಮಾವಾಸ್ಯೆ. ಈ ಮಾತು ನೆನಪಿಡಿ. ಮುಂದೆ ಬೇಕಾಗುತ್ತದೆ.

ಆ ಚಂದ್ರರಲ್ಲಿ ಬಹಳಷ್ಟು ಚಿಕ್ಕವು. ನಾಲ್ಕು ಮಾತ್ರ ದೊಡ್ಡವು. ಇಟಲಿ ದೇಶದ ಗೆಲಿಲಿಯೋ 1610ರ ಜನವರಿಯಲ್ಲಿ ದೂರದರ್ಶಕದಿಂದ ಇವನ್ನು ನೋಡಿದ. ಗುರುವಿನ ಪಕ್ಕದಲ್ಲಿ ಸಣ್ಣ ಚುಕ್ಕೆಗಳು ಕಂಡವು. ಇಂದು ಒಂದು ಕಡೆ, ನಾಳೆ ಇನ್ನೊಂದು ಕಡೆ. ಇವು ಗುರುವನ್ನೇ ಸುತ್ತುತ್ತಿವೆ ಎಂದು ಅವನಿಗೆ ತಿಳಿಯಿತು. ಎಲ್ಲವೂ ಭೂಮಿಯನ್ನೇ ಸುತ್ತುತ್ತವೆ ಎಂದು ನಂಬಿದ್ದ ಕಾಲ ಅದು.

ನಾಲ್ಕರ ಹೆಸರು ಅಯೋ, ಯುರೋಪಾ, ಗ್ಯಾನಿಮೀಡ್, ಕ್ಯಾಲಿಸ್ಟೋ. ಹೆಸರು ಬಾಯಿಗೆ ಬರುವುದು ಕಷ್ಟ. ಬಿಡಿಸಿ ಬಿಡಿಸಿ ಓದಿ. ಒಳಗಿನ ಚಂದ್ರ ಅಯೋ. ಅದು ಹೆಚ್ಚು ಕಡಿಮೆ ನಮ್ಮ ಚಂದಪ್ಪನಷ್ಟೇ ದೊಡ್ಡದು. ಆದರೆ ಓಟ ಬಹಳ ಜೋರು. ನಮ್ಮ ಚಂದ್ರ ಒಂದು ಸುತ್ತಿಗೆ 27 ದಿನ ತೆಗೆದುಕೊಳ್ಳುತ್ತಾನೆ. ಅಯೋ ನಲವತ್ತೆರಡೂವರೆ ಗಂಟೆಯಲ್ಲಿ ಸುತ್ತಿ ಬರುತ್ತದೆ. ಎರಡು ದಿನವೂ ಬೇಡ.

ಇನ್ನು ಅಡಿಗೆ ಮನೆಗೆ ಬನ್ನಿ. ಒಂದು ದೊಡ್ಡ ಕುಂಬಳಕಾಯಿ ತನ್ನಿ. ಅಡ್ಡಳತೆ ಒಂದೂವರೆ ಗೇಣಿಗಿಂತ ಸ್ವಲ್ಪ ಹೆಚ್ಚಿರಲಿ. ಇದೇ ಗುರು. ಈಗ ಒಂದು ಸಣ್ಣ ನಿಂಬೆಹಣ್ಣು ಇಡಿ. ಅದು ನಮ್ಮ ಭೂಮಿ. ಹನ್ನೊಂದು ಭೂಮಿ ಸಾಲಾಗಿ ಇಟ್ಟರೆ ಗುರುವಿನ ಅಡ್ಡಳತೆ ಆಗುತ್ತದೆ. ಇನ್ನು ಅಯೋ? ಒಂದು ಕಡಲೆ ಕಾಳು. ಆ ಕಾಳು ಕುಂಬಳಕಾಯಿಯ ನಡುವಿನಿಂದ ಸುಮಾರು ಎರಡೂವರೆ ಮೊಳ ದೂರದಲ್ಲಿ ಸುತ್ತುತ್ತದೆ.

ನೆನೆಸಿದ ಕಡಲೆ ಕಾಳನ್ನು ಕಸಬರಿಗೆ ಕಡ್ಡಿಗೆ ಚುಚ್ಚಿ. ಕೋಣೆ ಕತ್ತಲು ಮಾಡಿ. ಮಕ್ಕಳ ಕೈಗೆ ಮೊಬೈಲಿನ ಲೈಟು ಕೊಟ್ಟು ದೂರ ನಿಲ್ಲಿಸಿ. ಅದು ಸೂರ್ಯ. ಈಗ ಕಾಳನ್ನು ಕುಂಬಳಕಾಯಿಯ ಮುಂದೆ ಹಿಡಿದು ಮೆಲ್ಲಗೆ ಸರಿಸಿ. ನೆರಳು ಸರಿಯಾಗಿ ಕಾಣಲು ಹತ್ತಿರ ಹಿಡಿದರೆ ಸಾಕು. ಕಾಯಿಯ ಮೈಮೇಲೆ ಕರಿ ಚುಕ್ಕೆ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಹೋಗುತ್ತದೆ. ಅದು ಕಾಳಿನ ನೆರಳು.

ದೂರದರ್ಶಕದಲ್ಲಿ ಗುರುವನ್ನು ನೋಡುವವರಿಗೆ ಇದೇ ಕಾಣುತ್ತದೆ. ಎರಡು ಕಣ್ಣಿನ ದುರ್ಬೀನಿನಲ್ಲಿ ನಾಲ್ಕು ಚಂದ್ರರು ಕಾಣುತ್ತಾರೆ, ನೆರಳು ಕಾಣುವುದಿಲ್ಲ. ನೆರಳಿಗೆ ಒಳ್ಳೆಯ ದೂರದರ್ಶಕವೇ ಬೇಕು. ಕಲಬುರಗಿಯ ಜಿಲ್ಲಾ ವಿಜ್ಞಾನ ಕೇಂದ್ರಕ್ಕೋ, ಬೆಂಗಳೂರಿನ ನೆಹರು ತಾರಾಲಯಕ್ಕೋ ಹೋದಾಗ ಆಕಾಶ ನೋಡುವ ಕಾರ್ಯಕ್ರಮ ಯಾವಾಗ ಎಂದು ಕೇಳಿ.

ಅಲ್ಲಿ ಒಂದು ಚೋದ್ಯ ಇದೆ. ಚಂದ್ರ ಗುರುವಿನ ಮುಂದೆ ಬಂದರೆ ಚಂದ್ರನೇ ಕಾಣದಂತೆ ಆಗುತ್ತಾನೆ. ಗುರುವೂ ಬೆಳಕು, ಚಂದ್ರನೂ ಬೆಳಕು. ಹಾಲಿನಲ್ಲಿ ಮಜ್ಜಿಗೆ ಹನಿ ಹುಡುಕಿದ ಹಾಗೆ. ಆದರೆ ಅವನ ನೆರಳು ಎಳ್ಳು ಕಾಳಿನಂತೆ ಕರ್ರಗೆ ಎದ್ದು ಕಾಣುತ್ತದೆ. ಅಯೋದ ನೆರಳು ಗುರುವನ್ನು ದಾಟಲು ಎರಡು ಗಂಟೆಗಿಂತ ಸ್ವಲ್ಪ ಹೆಚ್ಚು ಹೊತ್ತು ಬೇಕು. ಅಷ್ಟರಲ್ಲಿ ರೊಟ್ಟಿ ಬಡಿದು, ಪಲ್ಯ ಮಾಡಿ, ಎಲ್ಲರಿಗೂ ಉಣಬಡಿಸಬಹುದು.

ನಮ್ಮ ನೆರಳು ಮುಂಜಾನೆ ಒಂದು ಕಡೆ, ಸಂಜೆ ಇನ್ನೊಂದು ಕಡೆ ಬೀಳುತ್ತದಲ್ಲವೇ? ಅಲ್ಲಿಯೂ ಸುಮಾರು ಹಾಗೆಯೇ. ಗುರು ನಡುರಾತ್ರಿಯ ಮೇಲೆ ಹುಟ್ಟುವ ತಿಂಗಳುಗಳಲ್ಲಿ ನೆರಳು ಮುಂದೆ ಹೋಗುತ್ತದೆ, ಚಂದ್ರ ಹಿಂದೆ ಬರುತ್ತಾನೆ. ಗುರು ಹೊತ್ತು ಮುಳುಗುವಾಗಲೇ ಮೇಲೆ ಕಾಣುವ ತಿಂಗಳುಗಳಲ್ಲಿ ಚಂದ್ರ ಮುಂದೆ, ನೆರಳು ಹಿಂದೆ. ಲೈಟಿನ ಎಡಕ್ಕೆ ನಿಂತು ಕುಂಬಳಕಾಯಿ ನೋಡಿ. ಆಮೇಲೆ ಬಲಕ್ಕೆ ನಿಂತು ನೋಡಿ. ಗೊತ್ತಾಗುತ್ತದೆ.

ಆ ಕರಿ ಚುಕ್ಕೆಯ ಒಳಗೆ ನಿಂತವರಿಗೆ ಏನು ಕಾಣಬಹುದು? ಗುರುವಿನ ಮೇಲೆ ನಿಲ್ಲಲು ನೆಲವಿಲ್ಲ, ಅದು ಬಹುಪಾಲು ಗಾಳಿಯ ಗ್ರಹ. ಆದರೂ ನಿಂತೆವು ಎಂದುಕೊಳ್ಳೋಣ. ಚಂದ್ರ ಅಡ್ಡ ಬಂದು ಸೂರ್ಯನನ್ನು ಮುಚ್ಚುತ್ತಾನೆ. ಹಗಲಲ್ಲೇ ಕತ್ತಲು. ನಾವು ಇದಕ್ಕೆ ಏನೆನ್ನುತ್ತೇವೆ? ಸೂರ್ಯಗ್ರಹಣ!

ಹೌದು, ಗುರುವಿನ ಮೇಲಿನ ಕರಿ ಚುಕ್ಕೆ ಎಂದರೆ ಅಲ್ಲಿನ ಸೂರ್ಯಗ್ರಹಣ. ಅಯೋದ ಅಮಾವಾಸ್ಯೆ ಬಂದಾಗಲೆಲ್ಲ ಅಲ್ಲಿ ಗ್ರಹಣ. ಎರಡು ದಿನದೊಳಗೆ ಒಂದು. ನಮ್ಮಲ್ಲಿ ಅಮಾವಾಸ್ಯೆಗೊಂದು ಗ್ರಹಣ ಯಾಕಿಲ್ಲ? ನಮ್ಮ ಚಂದ್ರನ ದಾರಿ ಸ್ವಲ್ಪ ಓರೆ. ಬಹಳ ಸಲ ಅವನ ನೆರಳು ಭೂಮಿಯ ಮೇಲೆ, ಇಲ್ಲವೇ ಕೆಳಗೆ ತಪ್ಪಿ ಹೋಗುತ್ತದೆ.

ಒಂದು ಸಲ ಆ ನೆರಳು ನಮ್ಮ ಮೇಲೆಯೇ ಬಿತ್ತು. 1980ರ ಫೆಬ್ರುವರಿ 16. ಚಂದ್ರನ ನೆರಳು ಕಾರವಾರದ ಕಡೆಯಿಂದ ಬಂತು. ರಾಯಚೂರು ಸೀಮೆ ದಾಟಿ ಆಂಧ್ರದ ಕಡೆ ಹೋಯಿತು. ನೆರಳಿನ ಅಗಲ ನೂರು ಕಿಲೋಮೀಟರಿಗೂ ಹೆಚ್ಚು. ಮಧ್ಯಾಹ್ನ ಮೂರೂಮುಕ್ಕಾಲರ ಸುಮಾರಿಗೆ ಇಲ್ಲಿ ಸೂರ್ಯ ಪೂರ್ತಿ ಮುಚ್ಚಿದ. ಎರಡು ನಿಮಿಷಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ಕತ್ತಲು. ಇದನ್ನು ನೋಡಲು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ವಿಜ್ಞಾನಿಗಳು ನಮ್ಮ ಜಿಲ್ಲೆಯ ಜವಳಗೇರಾಕ್ಕೆ ಬಂದು ಬಿಡಾರ ಹಾಕಿದರು. ಅವರು ಹೊರಗೆ ನಿಂತು ಆಕಾಶ ನೋಡುತ್ತಿದ್ದರು. ನಮ್ಮ ಜನ ಬಹಳ ಮಂದಿ ಬಾಗಿಲು ಹಾಕಿಕೊಂಡು ಒಳಗೆ ಕುಳಿತಿದ್ದರು. ಎಂಥಾ ನೋಟ ತಪ್ಪಿಸಿಕೊಂಡರೋ ಎಂದು ನನಗೆ ಈಗಲೂ ಅನಿಸುತ್ತದೆ.

ಒಳಗೆ ಕುಳಿತರೆ ನೋಟ ಮಾತ್ರ ತಪ್ಪುತ್ತದೆ. ಬಸುರಿಯನ್ನು ಉಪವಾಸ ಕೂರಿಸಿದರೆ ಹಾಗಲ್ಲ. "ಗ್ರಹಣ ಬಿಡೂತನಕ ನೀರು ಸೈತ ಕುಡೀಬ್ಯಾಡ, ಕಾಯಿಪಲ್ಯ ಹೆಚ್ಚಬ್ಯಾಡ, ಕೂಸಿನ ತುಟಿ ಸೀಳತೈತಿ" ಎನ್ನುತ್ತಾರೆ. ಹೇಳುವ ಅತ್ತೆಗೆ ಸೊಸೆಯ ಮೇಲೆ ಪ್ರೀತಿಯೇ ಇರುತ್ತದೆ. ಆದರೆ ನೆರಳು ಕೂಸಿಗೆ ಏನೂ ಮಾಡುವುದಿಲ್ಲ. ಕೂಸಿನ ತುಟಿ ಕೂಡಿಕೊಳ್ಳುವುದು ಬಸಿರಿನ ಮೊದಲ ಮೂರು ತಿಂಗಳೊಳಗೆ. ಆಗ ಕೂಡದಿದ್ದರೆ ಸೀಳು ಉಳಿಯುತ್ತದೆ. ಅದಕ್ಕೂ ಗ್ರಹಣಕ್ಕೂ ಸಂಬಂಧವಿಲ್ಲ. ಅಂಥ ತುಟಿಯನ್ನು ಆಪರೇಷನ್ ಮಾಡಿ ಸರಿಪಡಿಸುತ್ತಾರೆ. ಬಸುರಿಗೆ ಹಸಿವಾದಾಗ ಊಟ ಬೇಕು, ಬಾಯಾರಿದಾಗ ನೀರು ಬೇಕು. ನಮ್ಮ ಸೀಮೆಯ ಬಿಸಿಲಿನಲ್ಲಂತೂ ನೀರು ಬೇಕೇ ಬೇಕು.

ಒಂದು ಭಯ ಮಾತ್ರ ನಿಜ. ಸೂರ್ಯನನ್ನು ಬರಿಗಣ್ಣಿನಿಂದ ನೋಡಬಾರದು. ಗ್ರಹಣದ ದಿನವೂ ನೋಡಬಾರದು, ಬೇರೆ ದಿನವೂ ನೋಡಬಾರದು. ಕಣ್ಣು ಹೋಗುತ್ತದೆ. ಮಸಿ ಹಿಡಿಸಿದ ಗಾಜು, ಎಕ್ಸ್‌ರೇ ಹಾಳೆ, ಸಗಣಿ ನೀರು ಯಾವುದೂ ಬೇಡ. ಗ್ರಹಣಕ್ಕೆಂದೇ ಮಾಡಿದ ಕನ್ನಡಕ ಇದ್ದರೆ ಸರಿ. ಇಲ್ಲದಿದ್ದರೆ ಸೂರ್ಯನಿಗೆ ಬೆನ್ನು ಹಾಕಿ ಬೇವಿನ ಮರದ ನೆರಳು ನೋಡಿ. ಎಲೆಗಳ ಸಂದಿಯಿಂದ ಬಿದ್ದ ಬೆಳಕಿನ ಚುಕ್ಕೆಗಳು ಕುಡುಗೋಲಿನ ಆಕಾರದಲ್ಲಿ ಕಾಣುತ್ತವೆ. ತೂತಿನ ಜರಡಿ ಹಿಡಿದರೂ ಹಾಗೆಯೇ ಕಾಣುತ್ತದೆ. ಚಂದ್ರಗ್ರಹಣವನ್ನು ಮಾತ್ರ ಬರಿಗಣ್ಣಿನಿಂದ ನೋಡಬಹುದು.

ಓದಿ, ಬರೆಯಿರಿ

1. ಗುರುವಿನ ನಾಲ್ಕು ದೊಡ್ಡ ಚಂದ್ರರ ಹೆಸರು ಬರೆಯಿರಿ.

2. ಗುರುವಿನ ಮೇಲೆ ಕಾಣುವ ಕರಿ ಚುಕ್ಕೆ ಯಾವುದು?

3. ಕುಂಬಳಕಾಯಿ, ಕಡಲೆ ಕಾಳಿನ ಆಟವನ್ನು ಮನೆಯಲ್ಲಿ ಮಾಡಿ ತೋರಿಸಿ. ಯಾರು ಏನು ಕೇಳಿದರು, ಬರೆಯಿರಿ.

4. ನಿಮ್ಮ ಓಣಿಯ ಹಿರಿಯರನ್ನು ಕೇಳಿ: 1980ರ ಗ್ರಹಣದ ದಿನ ಅವರು ಎಲ್ಲಿದ್ದರು? ಹಕ್ಕಿ, ದನಕರು ಏನು ಮಾಡಿದವು? ಅವರು ಹೇಳಿದ್ದನ್ನು ಐದು ಸಾಲಿನಲ್ಲಿ ಬರೆದು ತನ್ನಿ.