ಸ್ಕ್ಯಾನಿನಲ್ಲಿ ಕಾಣದ ನೋವು

ಪ್ರಶ್ನೆ: ಮೇಡಂ, ನನ್ನ ತವರು ಮಡಕಶಿರಾ ಹತ್ತಿರದ ಹಳ್ಳಿ, ಕೊಟ್ಟಿದ್ದು ರಾಯದುರ್ಗಕ್ಕೆ. ಜೀನ್ಸ್ ಹೊಲಿಯುತ್ತೇನೆ, ಪೀಸ್ ಲೆಕ್ಕದ ಕೂಲಿ. ಎರಡು ವರ್ಷದಿಂದ ಸೊಂಟ ನೋವು. ಸ್ಕ್ಯಾನಿನಲ್ಲಿ ಡಿಸ್ಕ್ ಸ್ವಲ್ಪ ಉಬ್ಬಿದೆ ಅಂತ ಬಂತು. ಬಳ್ಳಾರಿಯಲ್ಲಿ ತೋರಿಸಿದರೆ ಆಪರೇಷನ್ ಬೇಡ, ಗಾಬರಿ ಬೇಡ ಅಂದರು. ಮಾತ್ರೆ, ಮುಲಾಮು, ಬೆಲ್ಟು ಎಲ್ಲಾ ಆಯಿತು. ಈಗ ಮನೆಯವರು ‘ನೋವು ಸೊಂಟದಲ್ಲಿಲ್ಲ, ನಿನ್ನ ತಲೆಯಲ್ಲಿದೆ’ ಅನ್ನುತ್ತಾರೆ. ಕೊಡ ಎತ್ತಲೂ ಭಯ. ಮಿಷನ್ ಕೆಲಸ ಬಿಟ್ಟುಬಿಡಲಾ?

ಉತ್ತರ: ತಂಗಿ, ನಿಮ್ಮ ನೋವು ನಿಜ. ನೀವು ನಾಟಕ ಮಾಡುತ್ತಿಲ್ಲ. ಮುಳ್ಳು ಚುಚ್ಚಿದಾಗಲೂ ನರಗಳು ಒಯ್ಯುವುದು ಸುದ್ದಿಯನ್ನಷ್ಟೇ. ಅಪಾಯವೋ ಅಲ್ಲವೋ ಎಂದು ತೂಗಿ ಅದನ್ನು ನೋವಾಗಿಸುವುದು ಮಿದುಳು. ಎಲ್ಲರಲ್ಲೂ ಹೀಗೇ. ಆ ಸುದ್ದಿ ಬೆನ್ನುಹುರಿಯಲ್ಲೇ ಹೆಚ್ಚು ಕಡಿಮೆಯಾಗುತ್ತದೆ, ಮಿದುಳಿಗೂ ಅದರ ಮೇಲೆ ಹಿಡಿತವಿದೆ ಎಂದು ಮೆಲ್ಜಾಕ್ ಮತ್ತು ವಾಲ್ ಎಂಬ ವಿಜ್ಞಾನಿಗಳು 1965ರಲ್ಲೇ ಬರೆದರು.

ಶೇಂಗಾ ಹೊಲಕ್ಕೆ ಒಮ್ಮೆ ಹಂದಿ ನುಗ್ಗಿತೆಂದರೆ ಕಾವಲಿನವನು ಆಮೇಲೆ ಗಾಳಿಗೆ ಎಲೆ ಅಲುಗಿದರೂ ಕೂಗಿಕೊಳ್ಳುತ್ತಾನೆ. ತಿಂಗಳುಗಟ್ಟಲೆ ನೋವುಂಡ ನರಮಂಡಲವೂ ಹಾಗಾಗಬಹುದು. ನಿದ್ದೆಗೇಡು, ಕೂಲಿಯ ಚಿಂತೆ, ‘ಬೆನ್ನು ಮುರಿದೇ ಹೋಗುತ್ತದೆ’ ಎಂಬ ಭಯ ಸೇರಿದರೆ ಕೂಗು ಇನ್ನೂ ಜೋರು. ಡಿಸ್ಕ್ ಉಬ್ಬಿರುವುದರಿಂದಲೇ ನೋವು ಎನ್ನಲಾಗದು: ನೋವೇ ಇಲ್ಲದ ಇಪ್ಪತ್ತರ ಹರೆಯದವರಲ್ಲೂ ಸುಮಾರು ಶೇ 30 ಮಂದಿಗೆ ಅದು ಕಾಣುತ್ತದೆಂದು 2015ರ ಒಂದು ಪರಾಮರ್ಶೆ ತೋರಿಸಿದೆ.

ಆದರೂ ಒಂದು ಅನುಮಾನ ತೀರಬೇಕು. ನಿಮ್ಮ ಸೀಮೆಯ ಬೋರ್ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವ ಊರುಗಳಿವೆ. ಅದು ಲೀಟರಿಗೆ 1.5 ಮಿಲಿಗ್ರಾಂಗಿಂತ ಬಹಳ ಹೆಚ್ಚಿರುವ ನೀರನ್ನು ವರ್ಷಗಟ್ಟಲೆ ಕುಡಿದರೆ ಮೂಳೆ, ಕೀಲು ಬಿಗಿಯಬಹುದು. ಹಲ್ಲಿನಲ್ಲಿ ಕಂದು ಕಲೆ, ಕತ್ತು ತಿರುಗಿಸಲು ಕಷ್ಟ ಇದ್ದರೆ ಡಾಕ್ಟರಿಗೆ ತವರಿನ ನೀರಿನ ವಿಷಯವನ್ನು ತಪ್ಪದೆ ಹೇಳಿ. ಕಾಲು ಸೋತರೆ, ತೊಡೆಸಂದು ಮರಗಟ್ಟಿದರೆ, ಮೂತ್ರದ ಹಿಡಿತ ತಪ್ಪಿದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಜ್ವರ ಬರುತ್ತಿದ್ದರೆ, ತೂಕ ಇಳಿಯುತ್ತಿದ್ದರೆ ಅದನ್ನೂ ತೋರಿಸಿ.

ಇದಾವುದೂ ಇಲ್ಲವೆಂದಾದರೆ ಗುಣವಾಗುವ ಆಸೆಗೆ ಆಧಾರವಿದೆ. ಅಮೆರಿಕದ ಕೊಲರಾಡೊದಲ್ಲಿ ಹಳೆಯ ಬೆನ್ನುನೋವಿನ 151 ಮಂದಿಯ ಅಧ್ಯಯನವೊಂದು ನಡೆಯಿತು. ‘ಇದು ಪೆಟ್ಟಲ್ಲ, ಮಿದುಳಿನ ತಪ್ಪು ಎಚ್ಚರಿಕೆ’ ಎಂದು ಅವರಲ್ಲಿ ಒಂದು ಗುಂಪಿಗೆ ಮಾತುಕತೆಯಲ್ಲಿ ಮನದಟ್ಟು ಮಾಡಿಸಿ, ಭಯಪಡುತ್ತಿದ್ದ ಚಲನೆಗಳನ್ನು ಮತ್ತೆ ರೂಢಿ ಮಾಡಿಸಿದರು. ನಾಲ್ಕು ವಾರಗಳಲ್ಲಿ ಆ ಗುಂಪಿನ ಶೇ 66 ಮಂದಿಗೆ ನೋವು ಪೂರ್ತಿ ಅಥವಾ ಬಹುತೇಕ ಹೋಯಿತು. ಎಂದಿನ ಚಿಕಿತ್ಸೆಯಲ್ಲೇ ಉಳಿದವರಲ್ಲಿ ಶೇ 10 ಮಂದಿಗೆ ಮಾತ್ರ. ಎಲ್ಲರಿಗೂ ಹೀಗೇ ಆಗುತ್ತದೆಂದು ನಾನು ಮಾತು ಕೊಡಲಾರೆ.

ನಿಮ್ಮನ್ನು ಹೆಚ್ಚು ಕಾಡುತ್ತಿರುವುದು ಪೀಸ್ ಲೆಕ್ಕವೇ ಎಂದು ನನಗನ್ನಿಸುತ್ತದೆ. ನೋವು ಕಡಿಮೆಯಿದ್ದ ದಿನ ಮೇಲೇಳದೆ ಹೊಲಿಯುತ್ತೀರಿ, ಮರುದಿನ ಮಲಗುತ್ತೀರಿ. ಹಾಗೆ ಬೇಡ. ಎರಡೂ ದಿನ ಒಂದೇ ಅಳತೆ ಇರಲಿ. ನೋವು ಏರುವ ಮೊದಲೇ ಎದ್ದು ನಾಲ್ಕು ಹೆಜ್ಜೆ ನಡೆದು ಕೂತುಕೊಳ್ಳಿ. ಕೊಡ ಮೊದಲು ಕಾಲು ಭಾಗ ತುಂಬಿಸಿ ಎತ್ತಿ. ಒಂದು ವಾರ ಅದೇ ಅಳತೆ, ಆಮೇಲೆ ಅರ್ಧ. ಎತ್ತುವಾಗ ಸ್ವಲ್ಪ ನೋವಾದರೆ ಏನೋ ಹರಿಯಿತು ಎಂದುಕೊಳ್ಳಬೇಡಿ. ಹತ್ತಿರದಲ್ಲಿ ಫಿಸಿಯೋಥೆರಪಿಸ್ಟ್ ಸಿಕ್ಕರೆ ಅವರ ಮುಂದೆಯೇ ಶುರುಮಾಡಿ. ನಿದ್ದೆ ಕೆಟ್ಟು ಮನಸ್ಸು ಕುಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಉಚಿತ, ಕನ್ನಡದಲ್ಲೇ ಮಾತನಾಡಬಹುದು. ಮಿಷನ್ ಬಿಡುವ ಮಾತು ಈಗಲೇ ಬೇಡ. ಎರಡು ತಿಂಗಳು ಹೀಗೆ ನಡೆಸಿ, ಮತ್ತೆ ಬರೆಯಿರಿ.